ಭಾವುಕರಾಗಿರಲಿಲ್ಲ, ಮಾತಾಡುವವರಿದ್ದರು

ನಮ್ಮ ಬಡಾವಣೆಯಲ್ಲಿ ಈಗ ಎಲ್ಲರ ಬಾಯಲ್ಲೂ ಓಡಾಡುತ್ತಿರುವ ಕಥೆ ಇದು. ರಾಜ್ಯೋತ್ಸವದ ಸಂಜೆ ಕನ್ನಡ ಸಂಘದವರು ನನ್ನ ದೊಡ್ಡಪ್ಪನಿಗೆ ಸನ್ಮಾನ ಮಾಡಿದರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ‘ಎರಡು ಮಾತಾಡಿ’ ಎಂದು ಮೈಕ್ ಹಿಡಿದರು. ದೊಡ್ಡಪ್ಪ ಭಾವುಕರಾದರು. ಗಂಟಲು ಕಟ್ಟಿತು. ಒಂದು ಮಾತೂ ಹೊರಡಲಿಲ್ಲ. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ವಾಟ್ಸಾಪ್ ಗ್ರೂಪಿನಲ್ಲಿ ಇದರ ವಿಡಿಯೋ ಕೂಡ ಇದೆ. ಕೆಳಗೆ ಕೈಮುಗಿಯುವ ಚಿತ್ರಗಳ ಮೆರವಣಿಗೆ. ‘ಮೇಷ್ಟ್ರ ಮೌನ ಸಾವಿರ ಭಾಷಣಕ್ಕೆ ಸಮ’ ಎಂದು ಒಬ್ಬರು. ‘ನೋಡ್ತಾ ನೋಡ್ತಾ ಕಣ್ಣಲ್ಲಿ ನೀರು ಬಂತು’ ಎಂದು ಇನ್ನೊಬ್ಬರು (ಅವರು ಆ ದಿನ ಕಾರ್ಯಕ್ರಮಕ್ಕೆ ಬಂದಿರಲೇ ಇಲ್ಲ).

ಚೆಂದದ ಕಥೆ. ತೊಂದರೆ ಒಂದೇ. ಅದು ನಡೆಯಲಿಲ್ಲ.

ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ದೊಡ್ಡಪ್ಪ ಭಾವುಕರಾಗಿರಲಿಲ್ಲ. ಗಂಟಲು ಕಟ್ಟಿರಲಿಲ್ಲ. ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಅವರು ಮಾತಾಡುವವರಿದ್ದರು. ತುಟಿ ತೆರೆದಿತ್ತು, ಉಸಿರು ಎಳೆದುಕೊಂಡಾಗಿತ್ತು, ಮೊದಲ ಪದ ದಾರಿಯಲ್ಲಿತ್ತು. ಅಷ್ಟರಲ್ಲಿ ಮೈಕ್ ಅವರ ಮುಂದಿನಿಂದ ಎದ್ದು ಹೋಯಿತು.

ಮೈಕಿಗೆ ಕಾಲಿಲ್ಲ ಎಂಬುದು ನಿಮಗೂ ಗೊತ್ತು. ತೆಗೆದುಕೊಂಡು ಹೋದವರು ಸಂಘದ ಕಾರ್ಯದರ್ಶಿ ರಾಜಶೇಖರ್.

ದೊಡ್ಡಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಹೆಸರು ನಂಜುಂಡಯ್ಯ. ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ರಿಟೈರ್ ಆದವರು. ಅವರು ಮೇಷ್ಟ್ರಲ್ಲ. ಆದರೂ ವೈಟ್‌ಫೀಲ್ಡ್ ಕಡೆಯ ನಮ್ಮ ಬಡಾವಣೆಯಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಮೇಷ್ಟ್ರು ಎಂದು. ಕಾರಣ, ಭಾನುವಾರದ ಕನ್ನಡ ಕ್ಲಾಸು.

ಪಾರ್ಕಿನ ಮೂಲೆಯಲ್ಲಿ ಸಂಘಕ್ಕೊಂದು ಶೀಟಿನ ಕೋಣೆ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ದೊಡ್ಡಪ್ಪ ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುತ್ತಿದ್ದರು. ಪಟ್ಟಂದೂರು ಅಗ್ರಹಾರದ ಪಿಜಿಗಳಿಂದ ಹುಡುಗ ಹುಡುಗಿಯರು ಬರುತ್ತಿದ್ದರು. ಅಪಾರ್ಟ್‌ಮೆಂಟುಗಳ ಸೆಕ್ಯೂರಿಟಿಯವರು, ಸಲೂನಿನವರು, ಮಕ್ಕಳ ಹೋಂವರ್ಕಿಗೆ ಹೆದರಿದ ತಾಯಂದಿರು ಬರುತ್ತಿದ್ದರು. ಅವರು ಕಲಿಸುವ ಮೊದಲ ವಾಕ್ಯ ‘ನಮಸ್ಕಾರ, ಚೆನ್ನಾಗಿದ್ದೀರಾ’ ಅಲ್ಲ. ‘ಸ್ವಲ್ಪ ನಿಧಾನವಾಗಿ ಹೇಳಿ’. ಈ ಊರಿಗೆ ಬಂದವನಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಇದೇ ಎಂಬುದು ಅವರ ವಾದ. (ಆಟೋ ಹತ್ತಿದವರು ಒಪ್ಪುತ್ತೀರಿ.)

ಕ್ಲಾಸಿಗೆ ಒಂದೇ ರೂಲ್. ಒಬ್ಬರನ್ನು ಪ್ರಶ್ನೆ ಕೇಳಿದಾಗ ಪಕ್ಕದವರು ಉತ್ತರ ಹೇಳಕೂಡದು. ‘ನಿಮ್ಮ ಊರು ಯಾವುದು?’ ಎಂದು ಕೇಳಿ ದೊಡ್ಡಪ್ಪ ಸುಮ್ಮನೆ ನಿಂತುಬಿಡುವರು. ಎದುರಿಗಿದ್ದವರು ತಡಕಾಡಿ, ತಲೆ ಕೆರೆದು, ಹಿಂದಿಯಲ್ಲಿ ಒಂದು ಕಾಲಿಟ್ಟು ವಾಪಸ್ ಬಂದು, ಕೊನೆಗೆ ‘ನನ್ನ ಊರು ಆಸನ್‌ಸೋಲ್’ ಎನ್ನುವವರೆಗೂ ಕಾಯುವರು. ಈ ರೂಲ್ ಕಾಯಿಲೆ ಬರುವುದಕ್ಕಿಂತ ಎಷ್ಟೋ ಮೊದಲೇ ಇತ್ತು.

ಆಮೇಲೆ ಕಾಯಿಲೆ ಬಂತು.

ಪಾರ್ಕಿನ್ಸನ್ ಎಂದರೆ ಕೈ ನಡುಗುವುದು ಎಂದಷ್ಟೇ ನಾವೆಲ್ಲ ತಿಳಿದಿದ್ದೇವೆ. ದೊಡ್ಡಪ್ಪನಿಗೆ ನಡುಕ ಅಷ್ಟೇನೂ ಇಲ್ಲ. ಇರುವುದು ಬೇರೆ. ನಡೆಯುವಾಗ ಹೆಜ್ಜೆ ಚಿಕ್ಕದಾಗುತ್ತಾ ಹೋಗುತ್ತದೆ. ಬಾಗಿಲ ಹತ್ತಿರ, ಇಕ್ಕಟ್ಟಿನ ಜಾಗದಲ್ಲಿ ಪಾದ ನೆಲಕ್ಕೆ ಅಂಟಿಬಿಡುತ್ತದೆ. ಮನುಷ್ಯ ಹೋಗಬೇಕೆನ್ನುತ್ತಾನೆ, ಕಾಲು ಒಲ್ಲೆ ಎನ್ನುತ್ತದೆ. ವಿಚಿತ್ರವೆಂದರೆ ಅದೇ ಕಾಲು ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತದೆ. ನೆಲದ ಮೇಲೆ ಗೆರೆ ಕಂಡರೆ ದಾಟುತ್ತದೆ. ಹಾಗಾಗಿ ದೊಡ್ಡಮ್ಮ ಮನೆಯ ಬಾಗಿಲುಗಳ ಬಳಿಯೆಲ್ಲ ನೆಲಕ್ಕೆ ಕೆಂಪು ಟೇಪು ಅಂಟಿಸಿದ್ದಾರೆ. ಇದು ಡಾಕ್ಟರು ಹೇಳಿಕೊಟ್ಟ ಉಪಾಯ. ಇದನ್ನು ನೋಡಿದ ನೆಂಟರೊಬ್ಬರು ದೊಡ್ಡಮ್ಮನ ಕಿವಿಯಲ್ಲಿ ಪಿಸುಗುಟ್ಟಿದರಂತೆ: ಮೆಟ್ಟಿಲು ಹತ್ತೋಕಾಗುತ್ತೆ, ಬಾಗಿಲು ದಾಟೋಕಾಗಲ್ವಾ? ಮನಸ್ಸು ಮಾಡಬೇಕಷ್ಟೇ ಕಣ್ರೀ.

ಮನಸ್ಸು ಮಾಡಬೇಕಂತೆ. ಜ್ವರ ಬಂದವನಿಗೆ ಮನಸ್ಸು ಮಾಡಿ ತಣ್ಣಗಾಗು ಎಂದು ಯಾರಾದರೂ ಹೇಳುತ್ತಾರಾ?

ಮುಖವೂ ಅಷ್ಟೆ. ಮುಖದ ಸ್ನಾಯುಗಳು ಬಿಗಿದು ನಗು ಹೊರಗೆ ಕಾಣುವುದಿಲ್ಲ. ಒಳಗೆ ನಗುತ್ತಿರುತ್ತಾರೆ, ಹೊರಗೆ ಕಲ್ಲು. ಸಂಘದ ಖಜಾಂಚಿಯವರ ಮೊಮ್ಮಗನ ನಾಮಕರಣಕ್ಕೆ ಹೋದವರು ಮಗುವನ್ನು ನೋಡಿ ನಗಲಿಲ್ಲ ಎಂದು ಆ ಮನೆಯವರಿಗೆ ಇವತ್ತಿಗೂ ಬೇಸರವಿದೆ. ‘ಮೇಷ್ಟ್ರಿಗೆ ನಮ್ಮ ಮೇಲೇನೋ ಕೋಪ’ ಎಂದೇ ಖಜಾಂಚಿಯವರ ನಂಬಿಕೆ. ದೊಡ್ಡಪ್ಪ ಮನೆಗೆ ಬಂದು ಆ ಮಗುವಿನ ಕೆನ್ನೆಯ ಬಗ್ಗೆ ಸಂಜೆಯೆಲ್ಲಾ ಮಾತಾಡಿದ್ದರು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ತಲೆಯ ವಿಷಯ. ಇಲ್ಲಿ ಎರಡು ಪಕ್ಷಗಳಿವೆ. ಎರಡೂ ಸುಳ್ಳು ಹೇಳುತ್ತವೆ.

ಮೊದಲನೆಯದು ನಮ್ಮ ಮನೆಯವರ ಪಕ್ಷ. ‘ಅಯ್ಯೋ, ಬರೀ ಕೈಕಾಲಿನ ತೊಂದರೆ ಅಷ್ಟೇ, ತಲೆ ಮೊದಲಿನ ಹಾಗೇ ಇದೆ’ ಎನ್ನುತ್ತಾರೆ. ಇಲ್ಲ, ಮೊದಲಿನ ಹಾಗಿಲ್ಲ. ಹಿಂದೆ ಒಂದು ಮದುವೆಗೆ ಮೂರು ಊರುಗಳಿಂದ ಯಾರ್‍ಯಾರು ಯಾವ ಬಸ್ಸು ಹಿಡಿಯಬೇಕು, ಯಾರನ್ನು ಎಲ್ಲಿ ಹತ್ತಿಸಿಕೊಳ್ಳಬೇಕು ಎಂಬುದೆಲ್ಲ ದೊಡ್ಡಪ್ಪನ ತಲೆಯಲ್ಲೇ ಇರುತ್ತಿತ್ತು. ಈಗ ಅರ್ಧದಾರಿಯಲ್ಲಿ ಎಳೆ ತಪ್ಪುತ್ತದೆ. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ. ನಡೆಯುವಾಗ ಏನಾದರೂ ಕೇಳಿದರೆ ನಿಂತುಬಿಡುತ್ತಾರೆ. ಕಾಲಿಗೂ ಉತ್ತರಕ್ಕೂ ಗಮನ ಹಂಚಲು ಆಗುವುದಿಲ್ಲ. ಮಾತಿನ ವಿಷಯ ಥಟ್ಟನೆ ಬದಲಾದರೆ ಇವರು ಹಿಂದಿನ ಸ್ಟಾಪಿನಲ್ಲೇ ನಿಂತಿರುತ್ತಾರೆ. ಇದನ್ನೆಲ್ಲ ಮುಚ್ಚಿಟ್ಟು ‘ಏನೂ ಆಗಿಲ್ಲ’ ಎನ್ನುವುದು ಪ್ರೀತಿ ಇರಬಹುದು, ನಿಜವಲ್ಲ.

ಎರಡನೆಯದು ಊರಿನವರ ಪಕ್ಷ. ‘ಪಾಪ, ತಲೆ ಹೋಗಿದೆ.’ ಇದು ಇನ್ನೂ ದೊಡ್ಡ ಸುಳ್ಳು. ತಡವಾಗುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿಲ್ಲವೇ? ಡಾಕ್ಟರು ಹೇಳಿದ್ದು ಸರಳವಾಗಿತ್ತು. ಈ ಕಾಯಿಲೆಯಲ್ಲಿ ಕೆಲವರಿಗೆ ಮುಂದೆ ಮರೆವು ಹೆಚ್ಚಬಹುದು, ಎಲ್ಲರಿಗೂ ಅಲ್ಲ. ನಿಮ್ಮವರಿಗೆ ಸದ್ಯಕ್ಕೆ ಯೋಚನೆ ನಿಧಾನ. ಕೇಳಿದ್ದು ಅರ್ಥವಾಗುತ್ತದೆ, ಉತ್ತರವೂ ಇರುತ್ತದೆ, ಹೊರಗೆ ಬರಲು ಹೊತ್ತು ಬೇಕು. ಅವಸರ ಮಾಡಿದಷ್ಟೂ ಇನ್ನೂ ಹೊತ್ತು ಬೇಕು.

ದೊಡ್ಡಪ್ಪ ಇದನ್ನು ಡಾಕ್ಟರಿಗಿಂತ ಚೆನ್ನಾಗಿ ಹೇಳಿದರು. ಆಸ್ಪತ್ರೆಯಿಂದ ಬರುವಾಗ ಕ್ಯಾಬಿನಲ್ಲಿ ನನ್ನ ಕಡೆ ತಿರುಗಿ, ಅದೇ ಕಲ್ಲು ಮುಖದಲ್ಲಿ, ತಡೆತಡೆದು, “ಒಂದೇ ಕೌಂಟರ್ ಓಪನ್ ಇದೆ ಕಣೇ. ಕ್ಯೂ ಉದ್ದ ಇದೆ. ಆದ್ರೆ ಟಿಕೆಟ್ ಎಲ್ರಿಗೂ ಸಿಗುತ್ತೆ” ಎಂದರು.

ಜೋಕು ಅರ್ಥವಾಗಿ ನಾನು ನಕ್ಕಾಗ ಕ್ಯಾಬ್ ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ಗುರಾಯಿಸಿದ. ಕಾಯಿಲೆಯವರ ಮುಂದೆ ನಗುವುದೇ?

ಈ ಕಾಯಿಲೆ ಇಟ್ಟುಕೊಂಡು ಕ್ಲಾಸು ನಡೆಯಿತಾ? ನಡೆಯಿತು. ಸ್ವಲ್ಪ ಕುಂಟುತ್ತಾ, ಆದರೆ ನಡೆಯಿತು. ಬೋರ್ಡಿನ ಮೇಲೆ ಸಾಲು ಶುರುವಾಗುವಾಗ ಅಕ್ಷರ ಅಂಗೈಯಗಲ ಇರುತ್ತಿತ್ತು, ಸಾಲು ಮುಗಿಯುವ ಹೊತ್ತಿಗೆ ಇರುವೆ. ಹಿಂದಿನ ಬೆಂಚಿನವರು ‘ಸರ್, ದೊಡ್ಡದು’ ಎಂದು ಕೂಗುತ್ತಿದ್ದರು. ಆಮೇಲೆ ದೊಡ್ಡಪ್ಪ ಬೋರ್ಡಿಗೆ ಕಾಪಿ ಪುಸ್ತಕದ ಹಾಗೆ ಗೆರೆ ಹೊಡೆಸಿದರು. ಗೆರೆಯ ಮಧ್ಯೆ ಬರೆದರೆ ಅಕ್ಷರ ಕುಗ್ಗುವುದಿಲ್ಲ. ಧ್ವನಿ ತಗ್ಗಿತ್ತು, ಎಲ್ಲರೂ ಬೆಂಚು ಮುಂದಕ್ಕೆ ಎಳೆದುಕೊಂಡರು. ಪಾಠ ಹೇಳುತ್ತಾ ಓಡಾಡಲು ಆಗುತ್ತಿರಲಿಲ್ಲ, ಕೂತು ಹೇಳಿದರು. ಅವರು ವಾಕ್ಯದ ಮಧ್ಯೆ ನಿಂತಾಗ ಯಾರೂ ಬಾಯಿ ಹಾಕುತ್ತಿರಲಿಲ್ಲ. ಅವರದೇ ರೂಲ್ ತಾನೇ?

ಆಸನ್‌ಸೋಲಿನ ಆ ಹುಡುಗಿ ಮೌಮಿತಾ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ಸರ್‌ಗೆ ಹುಷಾರಿಲ್ಲವಲ್ಲ, ಕ್ಲಾಸು ಕಷ್ಟವಾಗುತ್ತಿಲ್ಲವಾ ಎಂದು ಯಾರೋ ಅವಳನ್ನು ಕೇಳಿದರಂತೆ. ಅವಳು ಹೊಸದಾಗಿ ಕಲಿತ ಕನ್ನಡದಲ್ಲೇ, “ನಾನು ಕೂಡ ನಿಧಾನ. ಸರ್ ಕೂಡ ನಿಧಾನ. ಪ್ರಾಬ್ಲಂ ಏನು?” ಎಂದಳಂತೆ.

ಪ್ರಾಬ್ಲಂ ಇದ್ದದ್ದು ಕಮಿಟಿಗೆ.

ರಾಜಶೇಖರ್ ಕೆಟ್ಟವರಲ್ಲ ಎಂದು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಗ್ರೂಪಿನಲ್ಲಿ ಅದೇ ದೊಡ್ಡ ಚರ್ಚೆಯಾಗುತ್ತದೆ. ದೊಡ್ಡಪ್ಪನ ಜೊತೆ ಕಾರ್ಖಾನೆಯಲ್ಲಿದ್ದವರ ಮಗ. ಐಟಿ ಪಾರ್ಕಿನಲ್ಲಿ ದೊಡ್ಡ ಹುದ್ದೆ. ಮೋರಿ ಕಟ್ಟಿಕೊಂಡರೆ ಓಡಾಡಿ ತೆಗೆಸುವವರು ಅವರೇ, ಅಪರಾತ್ರಿಯಲ್ಲಿ ರಕ್ತ ಬೇಕೆಂದರೆ ಜನ ಹೊಂದಿಸುವವರೂ ಅವರೇ. ಚುರುಕು. ಎಲ್ಲವೂ ಕೂಡಲೇ ಆಗಬೇಕು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಅವರಿಗೆ ಕ್ಲಾಸಿನ ‘ಇಮೇಜ್’ ಚಿಂತೆ ಶುರುವಾಯಿತು. ಹೊರಗಿನವರು ಬಂದು ಕನ್ನಡ ಅಂದರೆ ಇಷ್ಟು ಡಲ್ ಎಂದುಕೊಳ್ಳುತ್ತಾರೆ ಎಂಬ ಭಯ. ಇದನ್ನು ಅವರು ಬೇರೆಯವರ ಹತ್ತಿರ ಹೇಳಿದರು, ದೊಡ್ಡಪ್ಪನ ಹತ್ತಿರ ಹೇಳಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡಪ್ಪ ಒಮ್ಮೆ ಆ ಕೋಣೆಯ ಬಾಗಿಲಲ್ಲಿ ಬಿದ್ದರು. ಮೊಣಕೈ ತರಚಿತು. ಮುಂದೆ ಸೊಂಟ ಮುರಿದರೆ ಯಾರು ಹೊಣೆ ಎಂದು ಕಮಿಟಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಬಿದ್ದದ್ದು ಹೇಗೆ? ಕಾಲು ಅಂಟಿ ನಿಂತಿದ್ದವರನ್ನು ಕಮಿಟಿಯ ಒಬ್ಬರು ‘ಬನ್ನಿ ಬನ್ನಿ ಸಾರ್’ ಎಂದು ರಟ್ಟೆ ಹಿಡಿದು ಎಳೆದರು. ಮೈ ಬಂತು, ಕಾಲು ಬರಲಿಲ್ಲ. ಇದಕ್ಕೆ ಪರಿಹಾರ ಎಳೆಯದಿರುವುದು. ಇವರು ಕಂಡುಕೊಂಡ ಪರಿಹಾರ ಮೇಷ್ಟ್ರನ್ನೇ ತೆಗೆಯುವುದು.

ತೆಗೆಯುವುದು ಹೇಗೆ? ನಮ್ಮಲ್ಲಿ ಯಾರನ್ನೂ ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಎನ್ನುವ ಪದ್ಧತಿ ಇಲ್ಲ. ಬೇಡವಾದವರಿಗೆ ಸನ್ಮಾನ ಮಾಡುವ ಪದ್ಧತಿ ಇದೆ. ಗಮನಿಸಿ ನೋಡಿ. ಚಲಾವಣೆಯಲ್ಲಿರುವವರಿಗೆ ನಾವು ಕೆಲಸ ಕೊಡುತ್ತೇವೆ. ಚಲಾವಣೆಯಿಂದ ತೆಗೆಯಬೇಕಾದವರಿಗೆ ಶಾಲು ಕೊಡುತ್ತೇವೆ. ತಲೆಗೆ ಪೇಟ, ಕೊರಳಿಗೆ ಹಾರ, ಒಂದು ಕೈಗೆ ಫಲಕ, ಇನ್ನೊಂದಕ್ಕೆ ಬುಟ್ಟಿ. ಎರಡೂ ಕೈ ತುಂಬಿದ ಮನುಷ್ಯ ಏನನ್ನು ತಾನೇ ಹಿಡಿದುಕೊಳ್ಳಬಲ್ಲ?

ಸನ್ಮಾನ ಎಂದಾಗ ದೊಡ್ಡಪ್ಪನಿಗೆ ಖುಷಿಯಾಯಿತು. (ಯಾರಿಗೆ ಆಗುವುದಿಲ್ಲ?) ಕಾರ್ಯಕ್ರಮ ಆರೂವರೆಗೆ ಎಂದು ರಾಜಶೇಖರ್ ಹೇಳಿದ್ದರು. ದೊಡ್ಡಮ್ಮ ಅದಕ್ಕೆ ಸರಿಯಾಗಿ ಮಾತ್ರೆ ಕೊಟ್ಟರು. ಈ ಕಾಯಿಲೆಯ ಮಾತ್ರೆಗೆ ಒಂದು ಅವಧಿ ಇರುತ್ತದೆ. ಅದು ಕೆಲಸ ಮಾಡುವಾಗ ಮನುಷ್ಯ ಬೇರೆಯೇ. ನಡಿಗೆ ಹಗುರ, ಮಾತು ಸರಾಗ. ಜೋರು ಇಳಿಯಿತೆಂದರೆ ಎಲ್ಲವೂ ಮತ್ತೆ ಬಿಗಿ. ಬೇಕೆಂದಾಗಲೆಲ್ಲ ಇನ್ನೊಂದು ನುಂಗುವ ಹಾಗಿಲ್ಲ. ಹೆಚ್ಚಾದರೆ ಕೈಕಾಲು ತಮ್ಮಷ್ಟಕ್ಕೆ ತಿರುಚಾಡುತ್ತವೆ. ಇದನ್ನೆಲ್ಲ ದೊಡ್ಡಮ್ಮ ಫೋನಿನಲ್ಲಿ ರಾಜಶೇಖರ್‌ಗೆ ಬಿಡಿಸಿ ಹೇಳಿದ್ದರು. ಮೇಷ್ಟ್ರ ಸನ್ಮಾನ ಮೊದಲೇ ಮುಗಿಸಿಬಿಡಿ ಎಂದು ಕೇಳಿಕೊಂಡಿದ್ದರು. ಆಯ್ತು ಆಂಟಿ, ಡೋಂಟ್ ವರಿ ಎಂದಿದ್ದರು ಅವರು.

ಮುಖ್ಯ ಅತಿಥಿ ಬರಲಿಲ್ಲ. ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ ಇದ್ದಾರೆ ಎಂದು ಘೋಷಿಸಿದರು. ಒಂದು ಹಾಡಾಯಿತು. ಇನ್ನೂ ಬ್ರಿಡ್ಜ್ ಹತ್ತಿರವೇ ಇದ್ದರು. ಮಕ್ಕಳ ಡ್ಯಾನ್ಸ್ ಆಯಿತು. ಆಗಲೂ ಬ್ರಿಡ್ಜ್. ಅತಿಥಿ ಇಲ್ಲದೆಯೇ ಸನ್ಮಾನ ಮುಗಿಸಿ ಎಂದು ದೊಡ್ಡಮ್ಮ ಎರಡು ಸಲ ಎದ್ದು ಹೋಗಿ ಕೇಳಿದರು. ಅತಿಥಿಗಳ ಕೈಯಿಂದಲೇ ಆಗಬೇಕು ಆಂಟಿ, ಪ್ರೋಟೋಕಾಲ್ ಎಂಬ ಉತ್ತರ ಬಂತು. ದೊಡ್ಡಪ್ಪ ಕುರ್ಚಿಯಲ್ಲಿ ಕೂತಲ್ಲೇ ಬಿಗಿಯಾಗುತ್ತಾ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಒಬ್ಬನ ತಡ ಟ್ರಾಫಿಕ್ಕು, ಇನ್ನೊಬ್ಬನ ತಡ ಕಾಯಿಲೆ. ಮೊದಲನೆಯದಕ್ಕೆ ಊರೆಲ್ಲ ಕಾಯಿತು.

ಅತಿಥಿ ಬಂದರು. ದೊಡ್ಡಪ್ಪನನ್ನು ಕರೆದರು. ಸ್ಟೇಜಿನ ಮೆಟ್ಟಿಲನ್ನು ಅವರು ಚೆನ್ನಾಗಿಯೇ ಹತ್ತಿದರು. ಹೂಕುಂಡಕ್ಕೂ ಅತಿಥಿಗಳ ಕುರ್ಚಿಗೂ ನಡುವಿನ ಇಕ್ಕಟ್ಟಿನಲ್ಲಿ ಕಾಲು ಅಂಟಿತು. ಸ್ವಲ್ಪ ಹೊತ್ತು ನಿಂತು, ನೆಲ ನೋಡಿ, ದಾಟಿದರು. ಕೂರಿಸಿದರು. ಪೇಟ, ಶಾಲು, ಹಾರ, ಫಲಕ, ಬುಟ್ಟಿ. ಆಮೇಲೆ ರಾಜಶೇಖರ್ ಮೈಕಿನಲ್ಲಿ ಹೇಳಿದ ಮಾತು ಇದು: ನಮ್ಮ ಮೇಷ್ಟ್ರು ಈಗ ವಿಶ್ರಾಂತಿ ಬಯಸಿದ್ದಾರೆ, ಭಾನುವಾರದ ಕನ್ನಡ ತರಗತಿಯನ್ನು ಸಂತೋಷದಿಂದ ಯುವಕರ ಕೈಗೆ ಒಪ್ಪಿಸುತ್ತಿದ್ದಾರೆ.

ನಾನು ದೊಡ್ಡಮ್ಮನ ಮುಖ ನೋಡಿದೆ. ದೊಡ್ಡಮ್ಮ ನನ್ನ ಮುಖ ನೋಡಿದರು. ದೊಡ್ಡಪ್ಪ ಯಾವಾಗ ಬಯಸಿದರು? ಯಾರ ಹತ್ತಿರ ಹೇಳಿದರು? ಸ್ವತಃ ದೊಡ್ಡಪ್ಪನಿಗೇ ಆ ಸುದ್ದಿ ಆಗಷ್ಟೇ, ಸ್ಟೇಜಿನ ಮೇಲೆ, ಮುನ್ನೂರು ಜನರ ಜೊತೆಗೇ ಗೊತ್ತಾಗಿತ್ತು.

ಆಮೇಲೆ ಮೈಕ್ ಬಂತು. ಎರಡು ಮಾತು ಎಂದರು. ಮೇಲೆ ಹೇಳಿದೆನಲ್ಲ, ತುಟಿ ತೆರೆಯಿತು. ಅದು ಒಪ್ಪುವ ತುಟಿಯಲ್ಲ. ಅವರ ಕಣ್ಣೆದುರು ಬೆಳೆದವಳು ನಾನು, ಇಲ್ಲ ಎನ್ನುವಾಗ ಅವರ ಗದ್ದ ಹೇಗೆ ಮುಂದೆ ಬರುತ್ತದೆ ಎಂಬುದು ನನಗೆ ಗೊತ್ತು. ಜನ ಕಾಯುತ್ತಿದ್ದರು. ಒಬ್ಬರು ಕೆಮ್ಮಿದರು. ಅತಿಥಿಗಳು ವಾಚ್ ನೋಡಿಕೊಂಡರು. ಅಷ್ಟು ಸಾಕಾಯಿತು. ‘ಮೇಷ್ಟ್ರು ಭಾವುಕರಾಗಿದ್ದಾರೆ, ಜೋರಾದ ಚಪ್ಪಾಳೆ’ ಎಂದು ಮೈಕು ವಾಪಸ್ ಹೋಯಿತು. ಆ ಚಪ್ಪಾಳೆಯ ಕೆಳಗೆ ದೊಡ್ಡಪ್ಪ ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ.

ಮರುದಿನ ನಾನು ರಾಜಶೇಖರ್‌ಗೆ ಫೋನ್ ಮಾಡಿದೆ.

“ಮೇಷ್ಟ್ರಿಗೆ ಎಂಬರಾಸ್ ಆಗ್ಬಾರ್ದು ಅಂತ ಕಣಮ್ಮ ನಾನು ಮೈಕ್ ತಗೊಂಡಿದ್ದು. ಡಿಗ್ನಿಟಿ ಮುಖ್ಯ ಅಲ್ವಾ?” ಎಂದರು.

ಕ್ಲಾಸು ಬಿಡುತ್ತೇನೆ ಎಂದು ಅವರು ಯಾವಾಗ ಹೇಳಿದರು ಎಂದು ಕೇಳಿದೆ. ಅನೌನ್ಸ್ ಮಾಡಿದಾಗ ಅವರು ಬೇಡ ಅನ್ನಲಿಲ್ಲವಲ್ಲ ಎಂದರು. ಬೇಡ ಅನ್ನುವಷ್ಟರಲ್ಲಿ ನೀವು ಮೈಕ್ ಕಿತ್ತುಕೊಂಡಿರಲ್ಲ ಎಂದೆ. ನೀನು ಡಿಬೇಟ್ ಮಾಡಬೇಡ, ಇದು ಕಾಲೇಜ್ ಅಲ್ಲ ಎಂದರು.

ಇಲ್ಲೇ ನನ್ನ ತಕರಾರು. ನಾನು ಕಾಲೇಜಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಅಲ್ಲಿ ಗಂಟೆ ಹೊಡೆದ ಮೇಲೆ ಬಂದ ಉತ್ತರಕ್ಕೆ ಬೆಲೆ ಇಲ್ಲ ನಿಜ. ಆದರೆ ಅಲ್ಲಿ ಗಂಟೆ ಯಾವಾಗ ಹೊಡೆಯುತ್ತದೆ ಎಂದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಗಂಟೆ ಎದುರಾಳಿಯ ಕೈಯಲ್ಲಿ ಇರುವುದಿಲ್ಲ. ನಮ್ಮ ದಿನನಿತ್ಯದಲ್ಲಿ ಹಾಗಲ್ಲ. ಯಾರು ವೇಗವಾಗಿದ್ದಾರೋ ಅವರ ಕೈಯಲ್ಲೇ ಗಂಟೆ. ಲಿಫ್ಟಿನ ಬಾಗಿಲು, ಬ್ಯಾಂಕಿನ ಕೌಂಟರು, ಬಸ್ಸಿನ ಫುಟ್‌ಬೋರ್ಡು, ಫೋನ್ ಎತ್ತಿದರೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಹುಡುಗಿಯ ಧ್ವನಿ. ಎಲ್ಲ ಕಡೆಯೂ ನಾವು ಮೌನಕ್ಕೆ ಒಂದು ಅಳತೆ ಇಟ್ಟಿದ್ದೇವೆ. ಅದು ಮೀರಿದರೆ ಎದುರಿಗಿರುವವನಿಗೆ ಹೇಳಲು ಏನೂ ಇಲ್ಲ ಎಂದು ತೀರ್ಮಾನ. ಆ ಅಳತೆ ಯಾರು ಇಟ್ಟದ್ದು? ಯಾರ ಮೈಗೆ ಹೊಂದುವ ಹಾಗೆ?

ಮತ್ತೆ ಆ ಡಿಗ್ನಿಟಿ. ಈ ಪದವನ್ನು ನಾವು ಬಳಸುವುದೇ ಇನ್ನೊಬ್ಬರ ಬಾಯಿ ಮುಚ್ಚಿಸುವಾಗ. ತಡೆತಡೆದು ಮಾತಾಡುವುದರಲ್ಲಿ ದೊಡ್ಡಪ್ಪನಿಗೆ ಯಾವ ಅವಮಾನವೂ ಇರಲಿಲ್ಲ. ಪ್ರತಿ ಭಾನುವಾರ ತಡೆತಡೆದೇ ಮಾತಾಡುತ್ತಿದ್ದರು. ಕೇಳುತ್ತಾ ಕೂರಲಾಗದೆ ಚಡಪಡಿಸಿದ್ದು ಸಭೆ. ಆ ಚಡಪಡಿಕೆಗೆ ‘ಅವರ ಮರ್ಯಾದೆ’ ಎಂದು ಹೆಸರಿಟ್ಟೆವು.

ಹೊಸ ಮೇಷ್ಟ್ರು ಬಂದಿದ್ದಾರೆ. ಹುಡುಗ ಚೆನ್ನಾಗಿಯೇ ಪಾಠ ಮಾಡುತ್ತಾನಂತೆ. ಪ್ರೊಜೆಕ್ಟರ್ ಇದೆ, ಕಾರ್ಟೂನ್ ಇದೆ. ನನಗೆ ಅವನ ಮೇಲೆ ಯಾವ ದೂರೂ ಇಲ್ಲ. ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಮಾತ್ರ ಹಳೇ ಅಭ್ಯಾಸದಂತೆ ಇಸ್ತ್ರಿ ಶರಟು ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಶರಟಿನ ಗುಂಡಿ ಹಾಕಿಕೊಳ್ಳುವುದೇ ಅವರಿಗೆ ದೊಡ್ಡ ಕೆಲಸ. ದೊಡ್ಡಮ್ಮ ಸಹಾಯಕ್ಕೆ ಬಂದರೆ ಬೇಡ ಎನ್ನುವರು. ಹಾಕಿಕೊಂಡು ಎಲ್ಲಿಗೂ ಹೋಗುವುದಿಲ್ಲ. ಹತ್ತು ಗಂಟೆ ಕಳೆದ ಮೇಲೆ ಬಿಚ್ಚಿಡುವರು. ಡಾಕ್ಟರು ದಿನಾ ನಡೆಯಿರಿ, ಗಟ್ಟಿಯಾಗಿ ಮಾತಾಡಿ, ಜನರ ಮಧ್ಯೆ ಇರಿ ಎಂದಿದ್ದರು. ಆ ಮೂರೂ ಅವರಿಗೆ ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ. ವಿಶ್ರಾಂತಿಯ ಹೆಸರಿನಲ್ಲಿ ಅದನ್ನೇ ಕಿತ್ತುಕೊಂಡಿದ್ದೆವು.

ಕಳೆದ ಭಾನುವಾರ ಗುಂಡಿ ಹಾಕಿಕೊಂಡವರು ಜಗಲಿಯಲ್ಲಿ ಕೂರಲಿಲ್ಲ. ನನ್ನನ್ನು ಕರೆದರು. “ನಡಿ. ಕೇಳೋಣ,” ಎಂದರು.

ಹೊರಟೆವು. ದಾರಿಯಲ್ಲಿ ನಾನು ಏನೂ ಮಾತಾಡಲಿಲ್ಲ, ಮಾತಾಡಿದರೆ ನಿಂತುಬಿಡುತ್ತಾರೆ. ಕ್ಲಾಸು ಮುಗಿದು ಎಲ್ಲರೂ ಹೋಗಿದ್ದರು. ಸಂಘದ ಕೋಣೆಯ ಬಾಗಿಲಲ್ಲಿ ಕಾಲು ಅಂಟಿತು. ಒಳಗಿನಿಂದ ರಾಜಶೇಖರ್ ‘ಬನ್ನಿ ಮೇಷ್ಟ್ರೇ’ ಎಂದು ಕೈ ಚಾಚಿಕೊಂಡು ಬಂದರು. ಮುಟ್ಟಬೇಡಿ ಎಂದೆ. ದೊಡ್ಡಪ್ಪ ಹೊಸ್ತಿಲನ್ನು ನೋಡಿದರು, ನೋಡಿದರು, ದಾಟಿದರು. ಕುರ್ಚಿಯಲ್ಲಿ ಕೂತರು. ಮೇಜಿನ ಆ ಕಡೆ ಖಜಾಂಚಿಯವರು ಪೇಪರ್ ಹಿಡಿದು ಕೂತಿದ್ದರು. ರಾಜಶೇಖರ್ ಕೂರಲಿಲ್ಲ. ಕೈಯಲ್ಲಿ ಮೊಬೈಲ್ ಇತ್ತು.

ದೊಡ್ಡಪ್ಪ ಕ್ಲಾಸಿನ ವಿಷಯ ಮಾತಾಡಲು ಬಂದಿದ್ದಾರೆ ಎಂದು ನಾನು ಹೇಳಿದೆ. ರಾಜಶೇಖರ್ ನೇರ ವಿಷಯಕ್ಕೆ ಬಂದರು. ಅದು ಅವರ ಗುಣ.

“ಮೇಷ್ಟ್ರೇ, ಸಿಂಪಲ್. ನಿಮ್ಗೆ ಕ್ಲಾಸ್ ಮುಂದುವರಿಸ್ಬೇಕು ಅಂತ ಇದೆಯಾ ಇಲ್ವಾ? ಯೆಸ್ ಆರ್ ನೋ ಹೇಳ್ಬಿಡಿ.”

ದೊಡ್ಡಪ್ಪ ಅವರನ್ನೇ ನೋಡುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ರಾಜಶೇಖರ್ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, ಅವರಿಗೇ ಅಷ್ಟು ಮನಸ್ಸಿದ್ದ ಹಾಗಿಲ್ಲ ಎಂದರು. ಕೇಳಿದ್ದು ಅವರನ್ನು, ಸ್ವಲ್ಪ ಇರಿ ಎಂದೆ. ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು. ಕ್ಲೈಂಟ್ ಕಾಲ್, ಒಂದ್ನಿಮಿಷ ಎಂದು ಹೊರಗೆ ಹೋದರು. (ಭಾನುವಾರವೂ ಕ್ಲೈಂಟು. ಅವನಿಗೆ ತಡವಾಗಿ ಉತ್ತರ ಕೊಟ್ಟರೆ ನಡೆಯುವುದಿಲ್ಲ ನೋಡಿ.)

ಅವರ ಬೆನ್ನು ಬಾಗಿಲು ದಾಟಿತ್ತಷ್ಟೆ.

“ಬೇಕು,” ಎಂದರು ದೊಡ್ಡಪ್ಪ. ಸ್ವಲ್ಪ ತಡೆದು, “ಪಾಠ ಮಾಡ್ತೀನಿ. ಆ ಹುಡ್ಗನೂ ಇರ್ಲಿ. ಇಬ್ರೂ ಮಾಡ್ತೀವಿ.”

ಮಾತ್ರೆ ಚೆನ್ನಾಗಿ ಹಿಡಿದಿದ್ದ ಹೊತ್ತು. ದನಿ ತಗ್ಗಿದ್ದರೂ ಪ್ರ‍ತಿ ಪದ ಬಿಡಿಬಿಡಿಯಾಗಿ ಕೇಳಿಸಿತು. ಬೇಕೋ ಬೇಡವೋ ಎಂದಷ್ಟೇ ಕೇಳಿದವರಿಗೆ ಅವರು ಒಂದು ಪರಿಹಾರವನ್ನೂ ಯೋಚಿಸಿ ಕೊಟ್ಟಿದ್ದರು. ಇಡೀ ಕಮಿಟಿಗೆ ಹೊಳೆಯದ ಪರಿಹಾರ. ತಲೆ ಹೋದವರು ಯೋಚಿಸುವುದು ಹೀಗಾ?

ರಾಜಶೇಖರ್ ವಾಪಸ್ ಬಂದರು. ಏನಂತೆ ಎಂದು ಕೇಳಿದ್ದು ನನ್ನನ್ನು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಹೌದಾ? ನಂಗೆ ಕೇಳಿಸ್ಲೇ ಇಲ್ವಲ್ಲ. ಇನ್ನೊಂದ್ಸಲ ಹೇಳಿಸಮ್ಮ.”

ಹೇಳಿಸಬೇಕಂತೆ. ಮದುವೆಮನೆಯಲ್ಲಿ ಮಗುವಿನ ಕೈಲಿ ಪದ್ಯ ಹೇಳಿಸುತ್ತಾರಲ್ಲ, ಹಾಗೆ. ನಾನು ಖಜಾಂಚಿಯವರ ಕಡೆ ನೋಡಿದೆ. ನೀವು ಇಲ್ಲೇ ಇದ್ದಿರಲ್ಲ ಸಾರ್, ನೀವೇ ಹೇಳಿ ಎಂದೆ. ಅವರು ಪೇಪರ್ ಮಡಚಿದರು, ಮತ್ತೆ ಬಿಚ್ಚಿದರು. ನಾನು ಓದ್ತಿದ್ದೆ ಕಣಮ್ಮ, ಗಮನ ಇರಲಿಲ್ಲ ಎಂದರು. ನಾಮಕರಣದ ಬೇಸರ ಇನ್ನೂ ಹೋಗಿರಲಿಲ್ಲವೋ, ಕಾರ್ಯದರ್ಶಿಯ ಭಯವೋ, ನಾನು ಹೇಳಲಾರೆ. ಆ ಪೇಪರಿನ ಹಿಂದೆ ಒಬ್ಬ ಮನುಷ್ಯನ ಒಂದೇ ಒಂದು ಸಾಕ್ಷಿ ಅಡಗಿಕೊಂಡಿತು ಎಂದಷ್ಟೇ ಗೊತ್ತು.

ಕೇಳಬೇಕಾದ್ದೆಲ್ಲ ಸಾಲಾಗಿ ನನ್ನ ನಾಲಿಗೆಯ ಮೇಲೆ ಬಂದು ನಿಂತಿತು. ಬಾಯಿ ತೆರೆದೆ. ದೊಡ್ಡಪ್ಪನ ಕೈ ನನ್ನ ಮಣಿಕಟ್ಟಿನ ಮೇಲೆ ಬಂತು. ಸುಮ್ಮನಿರು ಎಂದು.

ಸುಮ್ಮನಾದೆ. ರಾಜಶೇಖರ್ ನಿಂತಿದ್ದರು. ದೊಡ್ಡಪ್ಪ ತಲೆಯೆತ್ತಿ ಅವರ ಮುಖ ನೋಡಿದರು. ರಾಜಶೇಖರ್ ಚಡ್ಡಿ ಹಾಕಿಕೊಂಡು ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಓಡಾಡುತ್ತಿದ್ದಾಗಿನಿಂದ ದೊಡ್ಡಪ್ಪ ಅವರನ್ನು ಕರೆಯುವುದು ರಾಜು ಎಂದೇ. ಆ ಹೆಸರು ಮೊದಲು ಬಂತು. ಆಮೇಲೆ ಏನೂ ಬರಲಿಲ್ಲ. ರಾಜಶೇಖರ್ ಕಣ್ಣು ಮೊಬೈಲಿಗೆ ಹೋಯಿತು, ವಾಪಸ್ ಬಂತು, ಮತ್ತೆ ಹೋಯಿತು. ಇನ್ನೂ ಒಂದು ಸಲ ಹೋಗುವಷ್ಟರಲ್ಲಿ ಉಳಿದ ಪ್ರಶ್ನೆ ಬಂತು. ಪೂರ್ತಿಯಾಗಿ, ತಪ್ಪಿಲ್ಲದೆ, ಒಂದೇ ಉಸಿರಿನಲ್ಲಿ. ಈ ಸಲ ಖಜಾಂಚಿಯವರಿಗೂ ಕೇಳಿಸಿತು, ಪೇಪರ್ ಕೆಳಗಿಳಿಯಿತು.

ರಾಜಶೇಖರ್ ಕ್ಲಾಸಿನ ವಿಷಯ ಕಮಿಟಿಯಲ್ಲಿ ಇಡ್ತೀನಿ ಎಂದು ಗೊಣಗಿ, ಕಾರಿನ ಕೀ ಹುಡುಕಿಕೊಂಡು ಹೊರಟುಹೋದರು. ವಾರವಾಯಿತು, ಕಮಿಟಿಯಿಂದ ಉತ್ತರ ಬಂದಿಲ್ಲ. ಅವರು ಈ ಅಂಕಣ ಓದುತ್ತಾರೆ ಎಂದು ಗೊತ್ತಿರುವುದರಿಂದ ದೊಡ್ಡಪ್ಪ ಕೇಳಿದ್ದನ್ನು ಇಲ್ಲಿ ಇನ್ನೊಮ್ಮೆ ಬರೆಯುತ್ತಿದ್ದೇನೆ.

“ರಾಜು, ನಿನ್ನ ಕೈಲಿ ಎಷ್ಟು ಹೊತ್ತು ಕಾಯೋಕಾಗುತ್ತೆ?”